ಕಂಬಳಿ, ಗಾಲಿಕುರ್ಚಿ, ಮೂರು ಗಂಟೆ

ನ್ಯೂಜೆರ್ಸಿಯ ಒಂದು ಕನ್ನಡದ ಮನೆಯಲ್ಲಿ ಶನಿವಾರದ ದೋಸೆ ಎಂಟಕ್ಕೆ ಮೊದಲೇ ಮುಗಿಯುತ್ತದೆ. ಮೊಮ್ಮಗಳು ಆಸ್ಪತ್ರೆಗೆ ಹೊರಡಬೇಕು. ಶಿವಮೊಗ್ಗದಿಂದ ಬಂದಿದ್ದ ಅಜ್ಜಿ ಮೊದಲ ವಾರ ಗಾಬರಿಯಾದರು, ಎರಡನೆಯ ವಾರ ಹೆಮ್ಮೆಪಟ್ಟರು, ಮೂರನೆಯ ವಾರ ವಿಚಾರಣೆಗಿಳಿದರು.

"ಅಲ್ಲಿ ಏನ್ ಮಾಡ್ತೀಯೇ ಪುಟ್ಟಿ?"

"ವೀಲ್‌ಚೇರ್ ತಳ್ತೀನಿ. ಚಳಿ ಅಂದೋರಿಗೆ ಬೆಚ್ಚಗಿರೋ ಕಂಬಳಿ ಕೊಡ್ತೀನಿ."

"ಸಂಬಳ?"

"ಇಲ್ಲ ಅಜ್ಜಿ."

"ಮತ್ತೆ ಮನೇಲೇ ಕೂತು ಓದ್ಕೋಬಾರ್ದಾ?"

ಮೊಮ್ಮಗಳು ಪ್ರಿಮೆಡ್, ಅಂದರೆ ವೈದ್ಯಕೀಯ ಕಾಲೇಜು ಸೇರುವ ತಯಾರಿಯಲ್ಲಿದ್ದಾಳೆ. ಅಮೆರಿಕದಲ್ಲಿ ಪ್ರಿಮೆಡ್ ಸಾಮಾನ್ಯವಾಗಿ ಪದವಿಯ ಹೆಸರಲ್ಲ, ಅದೊಂದು ವ್ರತ. ನಾಲ್ಕು ವರ್ಷದ ಪದವಿಯನ್ನು ಇಷ್ಟಬಂದ ವಿಷಯದಲ್ಲಿ ಮಾಡಬಹುದು, ಆದರೆ ಜೀವಶಾಸ್ತ್ರ, ಭೌತಶಾಸ್ತ್ರ, ಸಾವಯವ ರಸಾಯನಶಾಸ್ತ್ರಗಳನ್ನು ಜೊತೆಗೇ ಹೊರಬೇಕು. ಆಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ: 230 ಪ್ರಶ್ನೆ, ವಿರಾಮವೂ ಸೇರಿ ಸುಮಾರು ಏಳೂವರೆ ಗಂಟೆ. ಗರಿಷ್ಠ ಅಂಕ 528, ಕನಿಷ್ಠ 472.

"ಏನೂ ಬರದಿದ್ರೂ ನಾನೂರ ಎಪ್ಪತ್ತೆರಡು ಕೊಡ್ತಾರಾ!" ಅಜ್ಜಿಗೆ ಈ ದೇಶದ ಔದಾರ್ಯ ಹಿಡಿಸಿತು. ಊರಲ್ಲಿ ಇನ್ನೊಬ್ಬ ಮೊಮ್ಮಗ ನೀಟ್‌ಗೆ ಕೂತಿದ್ದಾನೆ. ಅಲ್ಲಿ ಒಟ್ಟು 720 ಅಂಕ, ಉತ್ತರ ತಪ್ಪಿದರೆ ಒಂದು ಅಂಕ ಖೋತಾ. ರಕ್ತದಾನ ಶಿಬಿರದಲ್ಲಿ ದಿನವಿಡೀ ಓಡಾಡಿದರೂ ಸಿಗುವುದು ಸೊನ್ನೆ. ಅವನು ಹಾಲು ತರಲು ಹೋಗಿ ಹತ್ತು ನಿಮಿಷ ತಡಮಾಡಿದರೂ ಮನೆಯಲ್ಲಿ ಸಭೆ ಸೇರುತ್ತದೆ.

ಇಲ್ಲಿ ಹಾಗಲ್ಲ. ಬಹುತೇಕ ವೈದ್ಯಕೀಯ ಕಾಲೇಜುಗಳು ಬಳಸುವ ಅರ್ಜಿಯಲ್ಲಿ ಓದಿನಾಚೆಯ 15 ಕೆಲಸಗಳವರೆಗೆ ಬರೆಯಬಹುದು, ಎಷ್ಟು ಗಂಟೆ ಮಾಡಿದ್ದೆಂಬ ಲೆಕ್ಕದ ಸಮೇತ. ಒಂದೊಂದಕ್ಕೂ 700 ಅಕ್ಷರಗಳ ಮಿತಿ. ಪದಗಳ ನಡುವಿನ ಖಾಲಿ ಜಾಗವೂ ಅಕ್ಷರವೇ. ಬಹಳ ಮುಖ್ಯವೆನಿಸಿದ ಮೂರಕ್ಕೆ ಮಾತ್ರ ಇನ್ನೂ 1325 ಅಕ್ಷರಗಳ ದಯೆ. ಸೇವೆಯನ್ನು ಹೀಗೆ ಅಳೆಯುವುದು ಕಿರಾಣಿ ಅಂಗಡಿಯ ತಕ್ಕಡಿಯಂತೆ ಕಂಡರೂ, ಅಳತೆಯ ನೆಪದಲ್ಲಾದರೂ ಇಪ್ಪತ್ತರ ಹುಡುಗಿ ರೋಗಿಯ ಮುಖ ನೋಡುತ್ತಾಳಲ್ಲ.

ಹುಡುಗಿಯರು ಸಂಬಳವಿಲ್ಲದೆ ಆಸ್ಪತ್ರೆಯಲ್ಲಿ ದುಡಿಯುವ ಪದ್ಧತಿಗೆ ಇದೇ ರಾಜ್ಯದಲ್ಲಿ ಬೇರುಗಳಿವೆ. 1944ರಲ್ಲಿ ಈಸ್ಟ್ ಆರೆಂಜ್‌ನ ಹೈಸ್ಕೂಲು ಹುಡುಗಿಯರು ಕೆಂಪು-ಬಿಳಿ ಪಟ್ಟೆಯ ಬಟ್ಟೆಯಲ್ಲಿ ಮೇಲಂಗಿ ಹೊಲಿದು ತೊಟ್ಟು ಆಸ್ಪತ್ರೆ ಸೇವೆಗೆ ನಿಂತರು. ಪಟ್ಟೆ ಪೆಪ್ಪರ್‌ಮೆಂಟಿನ ಹಾಗಿತ್ತೆಂದು ಅವರಿಗೆ 'ಕ್ಯಾಂಡಿ ಸ್ಟ್ರೈಪರ್' ಎಂಬ ಹೆಸರೇ ನಿಂತಿತು.

ಮೊಮ್ಮಗಳ ಮೇಲಂಗಿಯಲ್ಲಿ ಪಟ್ಟೆ ಇಲ್ಲ, ಜೇಬು ಇದೆ. ಜೇಬಿನ ತುಂಬ ರಸಾಯನಶಾಸ್ತ್ರದ ಚೀಟಿಗಳು. ಒಂದು ಶನಿವಾರ ಲಿಫ್ಟಿನಲ್ಲಿ ಚೀಟಿ ಓದುತ್ತ ಮೈಮರೆತು, ಗಾಲಿಕುರ್ಚಿಯ ಮುದುಕರೊಬ್ಬರನ್ನು ಹೆರಿಗೆ ವಾರ್ಡಿನ ಬಾಗಿಲಿಗೆ ತಂದು ನಿಲ್ಲಿಸಿದಳು. ಅವರು ಫಲಕ ಓದಿ, "ನನಗೆ ಯಾರೂ ಹೇಳಲೇ ಇಲ್ಲವಲ್ಲ!" ಎಂದು ಇಂಗ್ಲಿಷಿನಲ್ಲಿ ಉದ್ಗರಿಸಿದರಂತೆ.

ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು. "ಯಾರವರು? ಏನು ಕಾಯಿಲೆ?"

"ಹೇಳೋ ಹಾಗಿಲ್ಲ ಅಜ್ಜಿ." ರೋಗಿಯ ಗುಟ್ಟು ಕಾಯುವ 1996ರ ಕಾನೂನು ಸ್ವಯಂಸೇವಕರನ್ನೂ ಬಿಡುವುದಿಲ್ಲ. ಅಜ್ಜಿಗೆ ಇದು ಸಂಬಳವಿಲ್ಲದ್ದಕ್ಕಿಂತ ದೊಡ್ಡ ಅನ್ಯಾಯವೆನಿಸಿತು.

ಯುಗಾದಿಗೆ ಕನ್ನಡ ಕೂಟದ ಊಟ. ಅಜ್ಜಿ ಸೆರಗು ಸಿಕ್ಕಿಸಿ ಪಂಕ್ತಿಯುದ್ದಕ್ಕೂ ಸಾರು ಬಡಿಸಿದರು. ಎಲ್ಲ ಮುಗಿದ ಮೇಲೆ ಮಂಡಿ ನೀವಿಕೊಳ್ಳುತ್ತ ಕುರ್ಚಿಗೊರಗಿದರು.

"ಪುಟ್ಟಿ, ಮೂರು ಗಂಟೆ. ಬರ್ಕೋ."

"ನಿನ್ನ ಗಂಟೇನ ನಾನು ಹೇಗೆ ಬರ್ಕೊಳ್ಲಿ?"

"ಬಕೆಟ್ ಹಿಡ್ಕೊಂಡು ಹಿಂದೆ ಬಂದೋಳು ಯಾರು? ಒಂದೂವರೆ ನಿಂದು."