ದೋಣಿ ಹೊರುವ ದಾರಿ

ದೋಣಿ ಮನುಷ್ಯನನ್ನು ಹೊರಬೇಕು ಎಂಬುದು ಅಘನಾಶಿನಿ ದಡದವರ ಸಾಮಾನ್ಯ ತಿಳಿವಳಿಕೆ. ಮನುಷ್ಯನೇ ದೋಣಿ ಹೊರುವ ದೇಶವೂ ಉಂಟು, ಹಾಗೆ ಹೊರಲಿಕ್ಕೆ ಜನ ಮೊದಲೇ ಪರವಾನಗಿ ಪಡೆದು ಕಾದಿರುತ್ತಾರೆ ಎಂಬ ಸುದ್ದಿಯನ್ನು ಮಿರ್ಜಾನಕ್ಕೆ ಮುಟ್ಟಿಸಿದವನು ಅಮೆರಿಕದ ಮಿನೆಸೋಟಾದಲ್ಲಿರುವ ನನ್ನ ಅಕ್ಕನ ಮಗ. ಅಲ್ಲಿ ಕೆನಡಾದ ಗಡಿಗೆ ತಾಗಿ ‘ಬೌಂಡರಿ ವಾಟರ್ಸ್’ ಎಂಬ ಕಾಡಿದೆ. ಅದರೊಳಗೆ ಸಾವಿರಕ್ಕೂ ಹೆಚ್ಚು ಸರೋವರಗಳು. ಒಂದು ಸರೋವರ ಮುಗಿದಲ್ಲಿ ದೋಣಿಯನ್ನು ನೀರಿನಿಂದೆತ್ತಿ, ಮಗುಚಿ, ಸಸಿ ನೆಡುವವರು ಗೊರಬು ಸೂಡಿದಂತೆ ತಲೆಯ ಮೇಲೆ ಹಾಕಿಕೊಂಡು, ಕಾಲುದಾರಿಯಲ್ಲಿ ಮುಂದಿನ ಸರೋವರಕ್ಕೆ ನಡೆಯಬೇಕು. ಆ ದಾರಿಗೆ ಪೋರ್ಟೇಜ್ ಎನ್ನುತ್ತಾರೆ. ಅದರ ಉದ್ದವನ್ನು ಹೇಳುವುದು ‘ರಾಡ್’ ಲೆಕ್ಕದಲ್ಲಿ. ಒಂದು ರಾಡ್ ಅಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. ಇದು ನನಗೆ ಬಹಳ ಹಿಡಿಸಿತು. ತಲೆಯ ಮೇಲೆ ದೋಣಿ ಹೊತ್ತವನಿಗೆ ಇನ್ನೆಷ್ಟು ದೋಣಿ ದೂರ ಎಂದು ಗೊತ್ತಾದರೆ ಸಾಕು. ಕಿಲೋಮೀಟರ್ ಕಟ್ಟಿಕೊಂಡು ಅವನಿಗೇನು?

ಡಿಸೆಂಬರ್ ರಜೆಗೆ ಬರುವವನಿದ್ದ ಅಳಿಯ ಫೋನಿನಲ್ಲಿ ಅಪ್ಪಣೆ ಕೊಟ್ಟ. “ಮಾವಾ, ನಮ್ಮ ಹೊಳೆಯಲ್ಲೂ ಇಂಥದೊಂದು ಪ್ಲಾನ್ ಮಾಡು. ದಾರಿಯಲ್ಲಿ ಜನ ಇರಬಾರದು, ನೆಟ್‌ವರ್ಕ್ ಇರಬಾರದು.” ಎರಡನೆಯದು ಸುಲಭ. ಅದಕ್ಕೆ ದೋಣಿಯೂ ಬೇಡ, ನಮ್ಮ ಅಡುಗೆಮನೆಯಲ್ಲಿ ಕುಳಿತರೆ ಸಾಕು. ಮೊದಲನೆಯದೇ ತಾಪತ್ರಯ.

ಮಾದರಿಗಿರಲಿ ಎಂದು ಅವನು ಅಲ್ಲಿಯ ಕಾನೂನುಗಳನ್ನೂ ಕಳಿಸಿದ್ದ. ಅಕ್ಕ ಅದನ್ನು ಮದುವೆಯ ಜವಳಿ ಪಟ್ಟಿ ನೋಡುವ ಗಾಂಭೀರ್ಯದಿಂದ ಓದಿಸಿಕೊಂಡಳು. ಒಂದು ತಂಡದಲ್ಲಿ 9 ಜನ, 4 ದೋಣಿ, ಅದಕ್ಕಿಂತ ಹೆಚ್ಚಿಗೆ ಇಲ್ಲ. “ಹಾಗಾದರೆ ಹೆಗಡೆಯ ಅತ್ತಿಗೆಯನ್ನು ಬಿಟ್ಟು ಹೋಗುವುದೋ? ಆಮೇಲೆ ಮಾತು ಕೇಳುವವಳು ನಾನು.” ಗಾಜಿನ ಬಾಟಲಿ ನಿಷಿದ್ಧ. ಅಂದಮೇಲೆ ಅಪ್ಪೆಮಿಡಿ ಉಪ್ಪಿನಕಾಯಿಯೂ ನಿಷಿದ್ಧ. ಅಂಥ ಕಾಡಿಗೆ ತನ್ನ ಮಗ ಯಾಕೆ ಹೋಗುತ್ತಾನೆಂಬುದೇ ಅವಳಿಗೆ ಅರ್ಥವಾಗಲಿಲ್ಲ. ರಾತ್ರಿ ಕರಡಿ ಬರುವುದರಿಂದ ಬುತ್ತಿಯನ್ನು ಎತ್ತರದ ಟೊಂಗೆಗೆ ಕಟ್ಟಿ ತೂಗುಬಿಡಬೇಕು. ನಮ್ಮ ಕಡೆ ಕಾಟ ಮಂಗನದು. ಮಂಗನಿರುವ ಊರಿನಲ್ಲಿ ಊಟವನ್ನು ಮರಕ್ಕೆ ಕಟ್ಟುವುದು ಎಲೆ ಹಾಕಿ ಕರೆದ ಲೆಕ್ಕ.

ಇರಲಿ ಎಂದು ನಕ್ಷೆ ಹರಡಿಕೊಂಡೆ. ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ಅಳಿಯನಿಗೆ ಅಲ್ಲಿಂದಲೇ ಶುರುಮಾಡಬೇಕೆಂಬ ಹಟ. ದಾರಿಯಲ್ಲಿ ಉಂಚಳ್ಳಿ ಜಲಪಾತ ಸಿಗುತ್ತದಲ್ಲ ಮಾರಾಯಾ ಎಂದರೆ, “ಅಲ್ಲಿ ಪೋರ್ಟೇಜ್ ಎಷ್ಟು ರಾಡ್ ಆಗ್ತದೆ?” ಎಂದು ಕೇಳಿದ. 116 ಮೀಟರ್ ಎತ್ತರದ ಜಲಪಾತ. ಲೆಕ್ಕ ಹಾಕಿ ಹೇಳಿದೆ: 23 ರಾಡ್, ಎಲ್ಲವೂ ನೆಟ್ಟಗೆ ನಿಂತದ್ದು. 1845ರಲ್ಲಿ ಅದನ್ನು ಕಂಡ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ ಅದಕ್ಕೆ ತನ್ನ ಹೆಸರು ಅಂಟಿಸಿ ಸುಮ್ಮನಾದ. ದೋಣಿ ಇಳಿಸುವ ಯೋಚನೆ ಅವನಿಗೂ ಬಂದಂತಿಲ್ಲ. ಜಲಪಾತದ ಕೆಳಗಾದರೂ ಡಿಸೆಂಬರಿನಲ್ಲಿ ಹೊಳೆ ಅಂದರೆ ಕಲ್ಲು, ಗುಂಡಿ, ಮತ್ತೆ ಕಲ್ಲು. ಪಾತಿ ದೋಣಿ ಹತ್ತು ಮಾರು ತೇಲಿ ಇಪ್ಪತ್ತು ಮಾರು ಹೆಗಲೇರುತ್ತದೆ. ಅವರ ಹಗುರ ದೋಣಿಯನ್ನು ಒಬ್ಬನೇ ಹೊರಬಹುದು; ನಮ್ಮ ಮರದ ಪಾತಿಗೆ ನಾಲ್ಕಾಳು ಬೇಕು, ಆ ನಾಲ್ವರಿಗೆ ಮಧ್ಯಾಹ್ನದ ಊಟ ಬೇಕು, ಊಟ ಹೊರಲು ಐದನೆಯವ ಬೇಕು. ಕೊನೆಗೆ ಉಪ್ಪಿನಪಟ್ಟಣದಿಂದ ಹೊರಡುವುದೆಂದು ರಾಜಿಯಾಯಿತು. ಯಾಣದ ಕಡೆಯಿಂದ ಬರುವ ಚಂಡಿಹೊಳೆ ಸೇರುವುದೂ ಅಲ್ಲೇ, ಸಮುದ್ರದ ಉಪ್ಪುನೀರು ಏರಿಬರುವುದೂ ಅಲ್ಲಿಯ ತನಕ. ಅಲ್ಲಿಂದ ದಿವಗಿ, ಮಿರ್ಜಾನ, ಐಗಳಕುರ್ವೆ ದಾಟಿ ತದಡಿಯ ಅಳಿವೆಗೆ.

ಅಳಿಯ ಗಂಟೆಗಿಷ್ಟು ಮೈಲಿ ಎಂದು ಭಾಗಿಸಿ ವೇಳಾಪಟ್ಟಿ ಕಳಿಸಿದ. ಅದನ್ನು ತೋರಿಸಲು, ತಾರಿ ಹಾಕುವುದರಲ್ಲೇ ಮುದುಕರಾದ ಅಂಬಿಗರೊಬ್ಬರನ್ನು ಜಗುಲಿಗೆ ಕರೆದೆ. ಅವರು ಕವಳ ಹಾಕಿಕೊಂಡು ಪೂರ್ತಿ ಕೇಳಿ, “ಇದ್ರಲ್ಲಿ ಹೊಳೆ ಒಂದೇ ಬದಿಗೆ ಹರೀತದಲ್ಲ ಮಾಸ್ತರೇ” ಅಂದರು. ಅಣೆಕಟ್ಟಿಲ್ಲದ ನಮ್ಮ ಹೊಳೆಗೆ ಯಜಮಾನ ಸಮುದ್ರವೊಂದೇ. ಆರು ತಾಸು ಕೆಳಗೆ ಹೋಗೆನ್ನುತ್ತದೆ, ಆರು ತಾಸು ಮೇಲೆ ಬಾ ಎನ್ನುತ್ತದೆ. ಅದೂ ದಿನಕ್ಕೆ ಸುಮಾರು 50 ನಿಮಿಷ ತಡ ಮಾಡುತ್ತಾ. ಇಳಿತದ ಜೊತೆ ಹೊರಟರೆ ಹುಟ್ಟು ಹಾಕದೆಯೂ ತದಡಿ ಬರುತ್ತದೆ. ಭರತಕ್ಕೆ ಸಿಕ್ಕಿಬಿದ್ದರೆ ಬೆವರು ಸುರಿಸಿಯೂ ದಿವಗಿ ಸೇತುವೆಯ ಕೆಳಗೇ ನಿಂತಿರುತ್ತೀರಿ, ಮೇಲಿಂದ ಹೆದ್ದಾರಿಯ ಲಾರಿಯವರು ಹಾರ್ನ್ ಹಾಕಿ ನೋಡಿಕೊಂಡು ಹೋಗುತ್ತಾರೆ. ಇನ್ನು ನಿರ್ಜನ ಪ್ರದೇಶದ ವಿಷಯ ಎತ್ತಿದ್ದಕ್ಕೆ ಅವರಿಗೆ ನನ್ನ ಬುದ್ಧಿಯ ಮೇಲೇ ಅನುಮಾನ ಬಂತು. “ಜನ ಇಲ್ದೇ ಇದ್ ಬದಿಗೆ ಹೋಗೂಕೆ ದೋಣಿ ಎಂತಕ್ಕೆ? ಆಚೆ ದಡ್ದಲ್ಲಿ ಜನ ಇದ್ರಲ್ವಾ ತಾರಿ?”

ಸರೋವರ ಮತ್ತು ಪೋರ್ಟೇಜ್ ಎರಡೂ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಮಿರ್ಜಾನದಿಂದ ಕೆಳಗೆ ಹೊಳೆಯ ಎರಡೂ ಬದಿಗೆ ಗಜನಿಗಳಿವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ಸಹಿಸುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಜಂತ್ರಡಿ ಬಾಗಿಲಿನಿಂದ ಉಪ್ಪುನೀರು ಒಳಗೆ, ನೀರಿನ ಜೊತೆಗೆ ಶೆಟ್ಲಿ, ಮೀನು. ಡಿಸೆಂಬರಿನಲ್ಲಿ ಮಾಣಿಕಟ್ಟಾದ ಕಡೆ ನಿಂತು ನೋಡಿದರೆ ಎಲ್ಲಿ ನೋಡಿದರೂ ನೀರು, ನಡುವೆ ಕಟ್ಟು, ಕಟ್ಟಿನಾಚೆ ಮತ್ತೆ ನೀರು. ಹೊಳೆಯಿಂದ ದೋಣಿ ಎತ್ತಿ ಕಟ್ಟು ದಾಟಿಸಿ ಗಜನಿಗೆ ಹಾಕು, ಅಲ್ಲಿಂದ ಮುಂದಿನ ಗಜನಿಗೆ. ಒಂದೊಂದು ಪೋರ್ಟೇಜೂ ಒಂದು ರಾಡಿನೊಳಗೆ. ಬೌಂಡರಿ ವಾಟರ್ಸ್ ನಾಚಬೇಕು ಎಂದು ನಾನು ಹಿಗ್ಗುತ್ತಿರುವಾಗ ಅಂಬಿಗರು ಕವಳ ಉಗುಳಿ ಬಂದು ಕೇಳಿದರು: “ರಾತ್ರೆ ಹೊತ್ತಿಗೆ ಗಜನಿಯೊಳಗೆ ದೋಣಿ ಇಳ್ಸಿದ್ರೆ ಕಾವಲಿನವ ಎಂತ ಹೇಳ್ತಾನೆ ಗೊತ್ತುಂಟಾ?” ಗೊತ್ತಿತ್ತು. ಗಜನಿಯ ಮೀನು ಹಿಡಿಯುವ ಹಕ್ಕಿಗೆ ದುಡ್ಡು ಕೊಟ್ಟವರಿರುತ್ತಾರೆ. ಅವರ ಕಾವಲಿನವನ ಎದುರು ನಿಂತು, “ಇಲ್ಲ ಮಾರಾಯಾ, ನಾವು ಶೆಟ್ಲಿ ಕದಿಯಲು ಬಂದವರಲ್ಲ, ಏಕಾಂತಕ್ಕೆ ಬಂದವರು” ಎನ್ನುವುದನ್ನು ನಾನು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದೆ. ನನಗೇ ನಂಬಿಕೆ ಬರಲಿಲ್ಲ.

ಗುಡಾರ ಹಾಕಲು ಮಿರ್ಜಾನ ಕೋಟೆ ಆಗಬಹುದಲ್ಲ ಎಂದ ಅಳಿಯ. ಕೋಟೆ ಪುರಾತತ್ವ ಇಲಾಖೆಯದು, ಮಲಗುವವರಿಗಲ್ಲ. ಆದರೆ ಮಾತು ಕೋಟೆಗೆ ಬಂದದ್ದರಿಂದ ನನ್ನೊಳಗಿನ ನಿವೃತ್ತ ಮಾಸ್ತರ ಎದ್ದು ಕುಳಿತ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನಲ್ಲ. ಘಟ್ಟದ ಮೆಣಸು ಇಳಿದು ಬಂದು ಹಡಗು ಸೇರುತ್ತಿದ್ದ ಬಂದರುಗಳಲ್ಲಿ ಮಿರ್ಜಾನವೂ ಒಂದು. ಆ ಮೆಣಸು ಎತ್ತಿನ ಬೆನ್ನು, ಆಳಿನ ತಲೆ ಏರಿ ಬಂತು; ದೋಣಿ ಮಾತ್ರ ನೀರಿನಲ್ಲೇ ಮರ್ಯಾದೆಯಿಂದ ಕಾದಿತ್ತು. ಪಕ್ಕದ ಶರಾವತಿಯ ಕತೆಯೂ ಅದೇ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೋದ. ದಾರಿಯಲ್ಲಿ ಒಂದು ಕಡೆ, ಹೊರೆಗಳು ಸಜ್ಜಾಗುವ ತನಕ ಹೊತ್ತು ಕಳೆಯಲು ಗುಡಿಯ ಪೌಳಿಯಲ್ಲಿ ಕುಳಿತು, ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಿನಲ್ಲಿ ಬರೆಯುತ್ತ, ಹಾಡಿಕೊಂಡು ಲೆಕ್ಕ ಕಲಿಯುವುದನ್ನು ನೋಡಿ ಬರೆದಿಟ್ಟ. ನಮ್ಮ ಶಿಕ್ಷಣದ ಚರಿತ್ರೆಗೆ ಒಂದು ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಹೊರೆ ಕಟ್ಟುವವರು ತಡಮಾಡಿದ್ದರಿಂದ. ಇದನ್ನೆಲ್ಲ ಅಳಿಯನಿಗೆ ವಿವರಿಸಿ ಮುಗಿಸುವಾಗ ಫೋನು ಯಾವಾಗಲೋ ಕಟ್ಟಾಗಿತ್ತು. ನಾನು ಅಡುಗೆಮನೆಯ ಕಡೆ ಸರಿದಿದ್ದೆ.

ಕೊನೆಗೆ ಉಳಿದದ್ದು ದಿನ ನಿಶ್ಚಯ. ಅಂಬಿಗರ ಸಲಹೆ ಖಚಿತವಾಗಿತ್ತು. ಹುಣ್ಣಿಮೆ, ಅಮಾಸೆಯ ಆಸುಪಾಸು ನೀರು ಬಹಳ ಏರಿ ಬಹಳ ಇಳಿಯುತ್ತದೆ; ದಿಬ್ಬಗಳು ತೆರೆದುಕೊಂಡು ಬೆಳಚು ತೆಗೆಯಲು ಊರಿಗೆ ಊರೇ ಹೊಳೆಗೆ ಇಳಿದಿರುತ್ತದೆ. ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಬಂದಮೇಲೆ ದುರ್ಬೀನು ಹಿಡಿದು ಹಕ್ಕಿ ನೋಡುವವರೂ ಕಾಂಡ್ಲಾ ಗಿಡಗಳ ಮರೆಯಲ್ಲಿ ಸಿಗುತ್ತಾರೆ. ಜನ ಬೇಡವೆಂದರೆ ಅಷ್ಟಮಿಗೆ ಹೋಗಬೇಕು. ಆಗ ನೀರಿನ ಏರಿಳಿತ ಬಡ, ದಿಬ್ಬ ಅಷ್ಟು ತೆರೆಯುವುದಿಲ್ಲ, ಬೆಳಚಿನವರು ಕಡಿಮೆ.

“ಅಷ್ಟಮಿ ದಿನ ಪ್ರಯಾಣವೇ?” ಎಂದು ಅಕ್ಕ ಒಳಗಿಂದಲೇ ಕೇಳಿದಳು. ನವಮಿಯೂ ಆಗದು. ಸಮುದ್ರ ಒಪ್ಪಿದ ದಿನಕ್ಕೆ ಪಂಚಾಂಗ ಒಪ್ಪುವುದಿಲ್ಲ, ಪಂಚಾಂಗ ಒಪ್ಪಿದ ದಿನ ಹೊಳೆಯಲ್ಲಿ ಜಾತ್ರೆ. ಇಂಥ ಬಿಕ್ಕಟ್ಟಿಗೆ ಹಿರಿಯರು ಮಾಡಿಟ್ಟ ಉಪಾಯವೂ ಅವಳಲ್ಲೇ ಇತ್ತು: ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ ಸಾಮಾನನ್ನು ಮೊದಲೇ ನೆರೆಮನೆಗೆ ದಾಟಿಸಿಬಿಟ್ಟರೆ ಪ್ರಯಾಣ ಅಂದೇ ಶುರುವಾದಂತೆ. ಮನುಷ್ಯ ಆಮೇಲೆ ಯಾವಾಗ ಬೇಕಾದರೂ ಹೊರಡಬಹುದು. ಬಟ್ಟೆಯ ಚೀಲ ಸಾಕೆಂದು ನಾನೆಂದೆ. ಪ್ರಯಾಣ ದೋಣಿಯದಾದ್ದರಿಂದ ದೋಣಿಯೇ ಹೋಗಬೇಕೆಂದು ಅವಳ ತೀರ್ಪು.

ಹಾಗೆ ಒಂದು ಸಪ್ತಮಿಯ ಬೆಳಿಗ್ಗೆ, ಗೇರೆಣ್ಣೆ ಬಳಿದು ತೋಟದಲ್ಲಿ ಮಗುಚಿಟ್ಟಿದ್ದ ಪಾತಿಯನ್ನು ನಾಲ್ವರು ಹೊತ್ತು ಬೇಲಿಯ ದಣಪೆ ದಾಟಿಸಿ ಪಕ್ಕದ ಮನೆಗೆ ಸಾಗಿಸಿದೆವು. ನಮ್ಮ ಇಡೀ ಯೋಜನೆಯಲ್ಲಿ ದೋಣಿ ಹೊರುವ ದಾರಿ ಅಂತ ಇದ್ದದ್ದು ಅದೊಂದೇ. ಅಳಿಯ ಮುಂದಿನ ತುದಿಗೆ ತಲೆಕೊಟ್ಟು ರಾಡ್ ಎಣಿಸುತ್ತಿದ್ದ. ಅಂಗಳದಲ್ಲಿ ಅಡಿಕೆ ಒಣಹಾಕಿದ್ದ ಪಕ್ಕದ ಮನೆಯ ಅಮ್ಮ ಕೈ ಅಡ್ಡ ಮಾಡಿ ನಮ್ಮನ್ನು ನಿಲ್ಲಿಸಿದರು. “ಅಲ್ಲಿಟ್ರೆ ಅಡಿಕೆಗೆ ನೆರಳು ಬೀಳ್ತದೆ ಮಾಸ್ತರೇ. ಕೊಟ್ಟಿಗೆ ಹಿಂದೆ ಇಡಿ. ಮತ್ತೆ, ಎಷ್ಟಕ್ಕೆ ಕೊಡ್ತ್ರಿ ಇದನ್ನ?”