ಆಳು ಸ್ಪೆಂಡ್, ಮಾಲು ಕಾಸ್ಟ್

ಚೀನಾದ ಸಣ್ಣ ಪಟ್ಟಣಗಳ ಶಾಲೆಯಲ್ಲಿ ಇಂಗ್ಲಿಷ್ ಲಾವೋಶಿಯನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಲಾವೋಶಿ ಎಂದರೆ ಮೇಷ್ಟ್ರು. ಮೇಡಂ ಆದರೂ ಅದೇ ಮಾತು. ಸೊಂಟಕ್ಕೆ ಕಟ್ಟಿದ ಪುಟ್ಟ ಸ್ಪೀಕರ್, ಬಾಯಿಯ ಬಳಿ ಬಾಗಿದ ಮೈಕು. ಈ ಯಂತ್ರಕ್ಕೆ ಅಲ್ಲಿನವರು ಇಟ್ಟಿರುವ ಹೆಸರು ‘ಪುಟ್ಟ ಜೇನುನೊಣ’. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಐವತ್ತರ ಆಸುಪಾಸು ಮಕ್ಕಳ ಎದುರು ದಿನವಿಡೀ ಅರಚುವವರಿಗೆ ಇವೆರಡೂ ಬೇಕೇಬೇಕು.

ಮೂರನೆಯ ಆಯುಧ ನಾಲಿಗೆಯ ಮೇಲಿದೆ: ‘ಗುದಿಂಗ್ ದಾಪೇ’. ‘ಇದು ಹೀಗೇ ಜೋಡಿ’ ಎಂದು ಅರ್ಥ. ‘ಇಂಟರೆಸ್ಟೆಡ್’ ಆದಮೇಲೆ ‘ಇನ್’ ಯಾಕೆ? ಗುದಿಂಗ್ ದಾಪೇ. ‘ಗುಡ್’ ಆದಮೇಲೆ ‘ಅಟ್’ ಯಾಕೆ? ಅದೂ ಗುದಿಂಗ್ ದಾಪೇ. ಕೇಳಿದ ಹುಡುಗ ಕೂರುತ್ತಾನೆ.

ಇಂದಿನ ಪಾಠ ‘ಸ್ಪೆಂಡ್’. ಇಲ್ಲಿ ಮಾತ್ರ ಆ ಆಯುಧ ಸಾಲದು, ಏಕೆಂದರೆ ಗೊಂದಲದ ಬೇರು ಮಕ್ಕಳ ಮನೆಮಾತಿನಲ್ಲೇ ಇದೆ. ಚೀನೀ ಭಾಷೆಯಲ್ಲಿ ದುಡ್ಡು ಖರ್ಚು ಮಾಡುವುದಕ್ಕೂ ಸಮಯ ಕಳೆಯುವುದಕ್ಕೂ ‘ಹ್ವಾ’ ಎಂಬ ಒಂದೇ ಕ್ರಿಯಾಪದ. ಅದೇ ಅಕ್ಷರಕ್ಕೆ ಹೂವು ಎಂಬ ಅರ್ಥವೂ ಇದೆ. (ನಮ್ಮ ‘ಹೂವಿ’ಗೆ ಕಿವಿಯಲ್ಲಿ ಹತ್ತಿರ, ನಂಟೇನೂ ಇಲ್ಲ.) ನಾನು ಇನ್ನೂರು ಯುವಾನ್ ‘ಹ್ವಾ’ ಮಾಡಬಹುದು, ಚೀಲವೂ ನನ್ನಿಂದ ಇನ್ನೂರು ಯುವಾನ್ ‘ಹ್ವಾ’ ಮಾಡಿಸಬಹುದು, ಮನೆಗೆಲಸ ಎರಡು ಗಂಟೆ ‘ಹ್ವಾ’ ಮಾಡಬಹುದು. ಇದನ್ನು ಇಂಗ್ಲಿಷಿಗೆ ಹೊತ್ತೊಯ್ದ ಹುಡುಗಿ ‘ದಿ ಬ್ಯಾಗ್ ಸ್ಪೆಂಟ್ ಮಿ ಟು ಹಂಡ್ರೆಡ್ ಯುವಾನ್’ ಎಂದು ಬರೆಯುತ್ತಾಳೆ. ಚೀಲವೇ ಹುಡುಗಿಯನ್ನು ಖರ್ಚು ಮಾಡಿಬಿಟ್ಟಿತು! ಪಕ್ಕದವನದು ‘ಐ ಕಾಸ್ಟ್ ಟು ಅವರ್ಸ್’. ಅವನ ಬೆಲೆ ಬರೀ ಎರಡು ಗಂಟೆ.

ಲಾವೋಶಿ ನಗುವುದಿಲ್ಲ. ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದು, ತಲೆತಲಾಂತರದಿಂದ ಬಂದ ಮಂತ್ರವನ್ನು ಹಾಡಿಸುತ್ತಾರೆ. ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗೆ: ಆಳು ಸ್ಪೆಂಡ್, ಮಾಲು ಕಾಸ್ಟ್, ‘ಇಟ್’ ಬಂದರೆ ಟೇಕ್, ‘ಪೇ’ ಬೆನ್ನಿಗೆ ‘ಫಾರ್’. ಸ್ಪೆಂಡ್ ಆದಮೇಲೆ ವಸ್ತು ಬಂದರೆ ‘ಆನ್’, ಕೆಲಸ ಬಂದರೆ ‘ಇಂಗ್’. ಜೇನುನೊಣ ಗುಂಯ್ಗುಡುತ್ತದೆ, ತರಗತಿ ಒಕ್ಕೊರಲಿನಿಂದ ಕೂಗುತ್ತದೆ, ಹಳದಿ ಹೈಲೈಟರುಗಳು ಒಟ್ಟಿಗೆ ಓಡುತ್ತವೆ.

ಭೂತಕಾಲ ಬಂತೆಂದರೆ ಇನ್ನೊಂದು ಗೋಳು. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ನಿನ್ನೆ’ ಎಂದರೆ ಸಾಕು, ಕೆಲಸ ನಿನ್ನೆಯದೇ. ಸ್ಪೆಂಡ್ ಸ್ಪೆಂಟ್ ಆಗುವುದು, ಟೇಕ್ ಟುಕ್ ಆಗಿ ಆಮೇಲೆ ಟೇಕನ್ ಆಗುವುದು ಮಕ್ಕಳಿಗೆ ಶುದ್ಧ ಕಿರುಕುಳ. ಕಾಸ್ಟ್, ಕಾಸ್ಟ್, ಕಾಸ್ಟ್ ಎಂದು ಮೂರೂ ರೂಪದಲ್ಲಿ ಕದಲದೆ ಕೂರುವ ಪದ ಬಂದಾಗ ಮಾತ್ರ ಲಾವೋಶಿಯ ಮುಖ ಅರಳುತ್ತದೆ. ಇಡೀ ಇಂಗ್ಲಿಷಿನಲ್ಲಿ ಸಂಸ್ಕಾರವಂತ ಪದ ಅದೊಂದೇ ಎಂಬ ಧಾಟಿಯಲ್ಲಿ ಅದನ್ನು ಎರಡು ಸಲ ಬರೆಯುತ್ತಾರೆ.

ಈ ಹಟವನ್ನು ಅಪಹಾಸ್ಯ ಮಾಡುವುದು ಸುಲಭ. ಆದರೆ 2001ರಲ್ಲಿ ಇಂಗ್ಲಿಷನ್ನು ಮೂರನೇ ತರಗತಿಗೇ ತರಲು ಸರ್ಕಾರ ಹೊರಟಿತು; ಗಾವ್‌ಕಾವ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ 750 ಅಂಕಗಳಲ್ಲಿ 150 ಅದರ ಪಾಲು. ಅದಕ್ಕೂ ಮುಂಚೆ ಪ್ರೌಢಶಾಲೆಗೆ ಸೀಟು ಕೊಡಿಸುವ ಇನ್ನೊಂದು ಪರೀಕ್ಷೆ. ಅಲ್ಲಿ ಎ, ಬಿ, ಸಿ, ಡಿ ಎಂದು ಈ ನಾಲ್ಕು ಖರ್ಚುಗಳೇ ಸಾಲಾಗಿ ನಿಂತಿರುವಾಗ ಮಂತ್ರ ಬಂದವನು ಬಚಾವ್.

ಶಾಲೆಯ ಲಾವೋಶಿಗೆ ಒಬ್ಬ ದಾಯಾದಿಯೂ ಇದ್ದ: ಟ್ಯೂಷನ್ ಕೇಂದ್ರದವನು. ಅವನ ಜೋಕು ಚುರುಕು, ಸಂಬಳ ದಪ್ಪ. 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಲಾಭದ ಟ್ಯೂಷನ್ನಿಗೆ ಕೊಕ್ಕೆ ಹಾಕಿದ ಮೇಲೆ ಅವನ ದಂಧೆ ಕುಸಿಯಿತು. ಬೀಜಿಂಗಿನಲ್ಲಿ 1993ರಲ್ಲಿ ಶುರುವಾದ ‘ನ್ಯೂ ಓರಿಯಂಟಲ್’ನ ಮೇಷ್ಟ್ರುಗಳು ಮೊಬೈಲ್ ಲೈವ್‌ನಲ್ಲಿ ಅಕ್ಕಿ, ಮಾಂಸ ಮಾರಲು ನಿಂತರು. 2022ರಲ್ಲಿ ಅವರಲ್ಲೊಬ್ಬರಾದ ದೋಂಗ್ ಯೂಹುಯಿ ಮಾಲಿನ ಜೊತೆಗೆ ಬೋರ್ಡಿನ ಮೇಲೆ ಇಂಗ್ಲಿಷ್ ಪದ ಬರೆದು ವಿವರಿಸುತ್ತ ದೇಶಕ್ಕೆಲ್ಲ ಮನೆಮಾತಾದರು. ಕಾಸ್ಟ್ ಪದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು!

ನಮ್ಮ ಲಾವೋಶಿಯ ನಿಜವಾದ ಶತ್ರು ಸರ್ಕಾರವಲ್ಲ, ಶಾಲೆಗೆ ಆಗೀಗ ಬರುವ ವಿದೇಶಿ ಮೇಷ್ಟ್ರು. ಒಬ್ಬ ಹುಡುಗ ‘ಹೀ ಟುಕ್ ಆನ್ ಅವರ್ ಟು ಫಿನಿಶ್’ ಎಂದು ಬರೆದ. ‘ಇಟ್’ ಇಲ್ಲ, ಆಳೇ ನೇರವಾಗಿ ಟೇಕ್ ಮೇಲೆ ಕೂತಿದ್ದಾನೆ. ಲಾವೋಶಿ ಕೆಂಪು ಗೀಟು ಎಳೆದರು. ಹುಡುಗ ಅದನ್ನು ವಿದೇಶಿಯ ಬಳಿ ಒಯ್ದ. ‘ಸರಿಯಾಗಿಯೇ ಇದೆಯಲ್ಲ’ ಎಂದ ಆತ. ಸಾಲದೆಂದು ‘ದಿ ಜಾಬ್ ಟುಕ್ ಮಿ ಟು ಅವರ್ಸ್’ ಕೂಡ ಸರಿ ಎಂದ. ಯಾಕೆಂದು ಕೇಳಿದರೆ ಹೆಗಲು ಕುಣಿಸಿ, ‘ನಾವು ಹಾಗೇ ಹೇಳುತ್ತೇವೆ’ ಎಂದ. ಗುದಿಂಗ್ ದಾಪೇ ಎನ್ನಲು ಅವನಿಗೆ ಬರುತ್ತಿರಲಿಲ್ಲ, ಅಷ್ಟೇ.

‘ಲಾವೋಶಿ, ಹಾಗಾದರೆ ಇದು ಸರಿಯೇ?’

ಲಾವೋಶಿ ಫ್ಲಾಸ್ಕಿನ ಮುಚ್ಚಳ ತಿರುವಿ ಒಂದು ಗುಟುಕು ಕುಡಿದರು. ಜೇನುನೊಣವನ್ನು ಆನ್ ಮಾಡಿದರು. ‘ಸರಿ. ಆದರೆ ಪರೀಕ್ಷೆಯಲ್ಲಿ ಬರೆಯಬೇಡ.’ ತಿರುಗಿ ಬೋರ್ಡಿನ ಮೂಲೆಯಲ್ಲಿ ‘ವಿಶೇಷ ಪ್ರಕರಣ’ ಎಂದು ಬರೆದರು. ಐವತ್ತು ಹೈಲೈಟರುಗಳ ಮುಚ್ಚಳ ಟಪಟಪನೆ ತೆರೆದವು.