ಕಾಡಿನ ನೆರಳು ನೆರಳಾಗಿಯೇ ಇರಲಿ

ಶಾರದಕ್ಕ, ನಿಮ್ಮ ಮಗ ಹೊಸ ಕ್ಯಾಮೆರಾ ತಗೊಂಡು ಬರುವ ವಾರ ಗಣೇಶಗುಡಿಗೆ ಹೊರಟಿದ್ದಾನಂತಲ್ಲ. ಒಳ್ಳೆಯ ಜಾಗ ಆರಿಸಿದ್ದಾನೆ. ಹೋಗುವ ಮುಂಚೆ ಅವನನ್ನು ಒಂದು ಗಳಿಗೆ ಈ ಕಾಂಪೌಂಡಿನ ಹತ್ತಿರ ಕಳಿಸಿ. ಊರ ಕೆರೆಯ ಏರಿ ಮೇಲೆ ಬೆಳ್ಳಕ್ಕಿ ತೆಗೆದು ಕೈ ಪಳಗಿದವರೂ ಘಟ್ಟದ ಕಾಡು ಹೊಕ್ಕ ಮೊದಲ ದಿನ ಕಂಗಾಲಾಗುತ್ತಾರೆ.

ನಮ್ಮ ಕಡೆ ಸೂರ್ಯ ಹುಟ್ಟಿದವನು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಹತ್ತುತ್ತಾನೆ. ಯುರೋಪಿನವರು ಬರೆದ ಪುಸ್ತಕಗಳಲ್ಲಿ ಹೊಗಳುವ ಆ ಚಿನ್ನದ ಬೆಳಕು ಅವರಲ್ಲಿ ಬಹಳ ಹೊತ್ತು ಉಳಿಯುತ್ತದೆ. ದಾಂಡೇಲಿ ಕಡೆ ಚಳಿಗಾಲದಲ್ಲಿ ಎಂಟೂವರೆ ಹೊತ್ತಿಗೆ ಅದು ಮುಗಿದೇ ಹೋಯಿತು ಅನ್ನಿ. ಆಮೇಲೆ ಬಯಲಲ್ಲಿ ಕೂತ ಮಂಗಟ್ಟೆಯನ್ನು ತೆಗೆದರೆ ಕಪ್ಪು ಮೈಯಲ್ಲಿ ಒಂದು ಗರಿಯೂ ಬಿಡಿಯಾಗಿ ಕಾಣುವುದಿಲ್ಲ, ಬಿಳಿ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಆ ಹೊತ್ತಿಗೆ ಮರದ ಕೆಳಗೆ ಹೋಗಬೇಕು.

ಕೆಳಗೆ ಹೋದರೆ ಇನ್ನೊಂದು ಲೋಕ. ದಟ್ಟ ಮಳೆಕಾಡಿನಲ್ಲಿ ಮೇಲೆ ಬಿದ್ದ ಬಿಸಿಲಿನಲ್ಲಿ ನೆಲ ಮುಟ್ಟುವುದು ಶೇಕಡಾ ಒಂದೋ ಎರಡೋ. ಬಯಲಲ್ಲಿ ಐಎಸ್ಒ 400 ಇಟ್ಟು, ಅಪರ್ಚರ್ 5.6ರಲ್ಲಿ ಸೆಕೆಂಡಿನ 3200ನೇ ಒಂದು ಭಾಗಕ್ಕೆ ತೆಗೆಯುತ್ತಿದ್ದವನಿಗೆ ಅಲ್ಲಿ 50ನೇ ಒಂದು ಭಾಗ ಸಿಕ್ಕರೆ ಪುಣ್ಯ. ಬಾಲ ಆಡಿಸುವ ಹಕ್ಕಿಗೆ ಅದು ಸಾಲದು. ಐಎಸ್ಒ 6400ಕ್ಕೆ ಏರಿಸಲಿ, ಹೆದರಬೇಡ ಅಂತ ಹೇಳಿ. ಕಾಳುಕಾಳಾಗಿ ಬಂದ ಚಿತ್ರವನ್ನು ನಾನು ಸಂತೋಷವಾಗಿ ನೋಡುತ್ತೇನೆ. ಅಲುಗಿದ ಚಿತ್ರದಿಂದ ಏನೂ ಮಾಡಲಿಕ್ಕಾಗದು. ಮಲಬಾರ್ ಟ್ರೋಗನ್ ಸಿಕ್ಕರೆ ಮಾತ್ರ ಈ ಅವಸರ ಬೇಡ. ಅದು ಒಂದೇ ಕೊಂಬೆಯಲ್ಲಿ ನಿಮಿಷಗಟ್ಟಲೆ ಅಲ್ಲಾಡದೆ ಕೂರುತ್ತದೆ, ಅದೂ ಬಹಳ ಸಲ ನಮಗೆ ಬೆನ್ನು ಹಾಕಿ. ಗಂಡಿನ ಕೆಂಪು ಎದೆ ಬೇಕಾದರೆ ಕಾಯಬೇಕು. ಸುತ್ತುಹಾಕಿ ಮುಂದೆ ಹೋಗಲು ನೋಡಿದರೆ ಹಾರಿಹೋಗುತ್ತದೆ.

ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್ ಇದೆಯಲ್ಲ, ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ ಅದು. ಈಗ ಅಲ್ಲಿ ಹಕ್ಕಿಗಳಿಗೆ ನೀರಿಟ್ಟಿದ್ದಾರೆ. ಮಧ್ಯಾಹ್ನ ಇಳಿಯುತ್ತಿದ್ದಂತೆ ಒಂದೊಂದೇ ಸ್ನಾನಕ್ಕೆ ಬರುತ್ತವೆ. ಅಲ್ಲಿ ರಾಜಹಕ್ಕಿಯ ಗಂಡನ್ನು ನೋಡಬೇಕು ನೀವು! ನೀಲಿ ಮಿಂಚಿನ ಕಪ್ಪು ತಲೆ, ಹಾಲುಬಿಳಿ ಮೈ, ಮೈಗಿಂತ ಉದ್ದನೆಯ ಎರಡು ಬಾಲದ ಗರಿ. ಕೊಂಬೆಯಿಂದ ನೇರ ನೀರಿಗೆ ಧುಮುಕಿ, ಒಂದೇ ಮುಳುಗು ಹಾಕಿ, ಮತ್ತೆ ಕೊಂಬೆಗೆ. ಬಾಲ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಕೊಡವಿ ಕೊಡವಿ ಬಿಡಿಸಿಕೊಳ್ಳುತ್ತದೆ.

ಇಲ್ಲೇ ಕ್ಯಾಮೆರಾ ಮೋಸ ಮಾಡುವುದು. ಅದರ ಮೀಟರ್‌ಗೆ ಕಂಡದ್ದನ್ನೆಲ್ಲ ನಡುಬೂದು ಮಾಡುವ ಹಟ. ಸುತ್ತ ಕಪ್ಪು ನೆರಳೇ ತುಂಬಿರುವುದರಿಂದ ಇಡೀ ಚಿತ್ರವನ್ನು ಬೆಳಗಿಸುತ್ತದೆ, ರಾಜಹಕ್ಕಿಯ ಬಿಳಿ ಸುಟ್ಟುಹೋಗುತ್ತದೆ. ಒಂದು, ಒಂದೂವರೆ ಸ್ಟಾಪ್ ಕೆಳಗಿಳಿಸಬೇಕು. ಬಿಳಿ ಆಕಾಶಕ್ಕೆ ಎದುರಾಗಿ ಕೂತ ಕಾಜಾಣಕ್ಕಾದರೆ ಇದೇ ಲೆಕ್ಕ ತಿರುಗುಮುರುಗು. ಎಲೆಗಳೊಳಗಿಂದ ಬಂದ ಬೆಳಕು ಬಿಳಿ ಗರಿಗೆ ಹಸಿರು ಬಳಿಯುವುದೂ ಉಂಟು. ರಾ ಫೈಲ್‌ನಲ್ಲಿ ತೆಗೆದಿದ್ದರೆ ಮನೆಗೆ ಬಂದು ಸರಿ ಮಾಡಿಕೊಳ್ಳಬಹುದು. ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿ ತೆಗೆಯುತ್ತಿದ್ದ ಫಿಲಂ ಕಾಲದಲ್ಲಿ ಈ ಸವಲತ್ತು ಎಲ್ಲಿತ್ತು? ರೋಲು ತೊಳೆಸಿ ತರುವವರೆಗೆ ಏನು ಬಂದಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ನಮ್ಮ ಹಜಾರದಲ್ಲಿರುವ ಕಾಡುಹಕ್ಕಿಯ ಫೋಟೋ ನೋಡಿ ಕತ್ತಲೆ ಜಾಸ್ತಿ ಆಯಿತು ಅಂದಿರಿ ಮೊನ್ನೆ. ನಾನು ಬೇಕೆಂದೇ ಹಾಗೆ ಬಿಟ್ಟಿದ್ದು ಅಕ್ಕ. ಆ ಹಕ್ಕಿ ಬದುಕುವುದೇ ಆ ನೆರಳಿನಲ್ಲಿ. ಕಂಪ್ಯೂಟರಿನಲ್ಲಿ ನೆರಳನ್ನೆಲ್ಲ ಎತ್ತಿ ಎಲೆ ಎಲೆ ಕಾಣಿಸಿದರೆ ಅದು ಯಾವ ಕಾಡೂ ಅಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪುಬಿಳುಪು ಚಿತ್ರಗಳು ಎಲ್ಲಾದರೂ ಸಿಕ್ಕರೆ ಅವನು ನೋಡಲಿ. ನೆರಳಿಗೆ ಎಷ್ಟು ಕೆಲಸ ಕೊಡಬಹುದು ಅಂತ ತಿಳಿಯುತ್ತದೆ.

ಫ್ಲ್ಯಾಶ್ ಇದೆಯಲ್ಲ ಅಂತೀರಾ? ಅದೊಂದು ಬೇಡ. ಕೇರಳದ ತಟ್ಟೇಕಾಡಿನಲ್ಲಿ, ಪೆರಿಯಾರ್ ಹೊಳೆಯ ದಡದಲ್ಲಿ, 1983ರಲ್ಲಿ ಪಕ್ಷಿಧಾಮ ಮಾಡಿ ಸಲೀಂ ಅಲಿಯವರ ಹೆಸರಿಟ್ಟಿದ್ದಾರೆ. ಅಲ್ಲಿ ಕಪ್ಪೆಬಾಯಿ ಹಕ್ಕಿಯ ಜೋಡಿ ಹಗಲೆಲ್ಲ ಒಂದಕ್ಕೊಂದು ಒತ್ತಿಕೊಂಡು ಒಣಗಿದ ಎಲೆಗಳ ಹಾಗೆ ಕೂತಿರುತ್ತದೆ, ಒಂದು ಬೂದು, ಒಂದು ಕೆಂಗಂದು. ಅವುಗಳಿಗೆ ಇರುವ ಕಾವಲೆಂದರೆ ಅಲುಗಾಡದೆ ಇರುವುದು, ಅಷ್ಟೇ. ಇರುಳು ಬೇಟೆಯಾಡುವ ಆ ಕಣ್ಣಿಗೆ ಗುಂಪುಕಟ್ಟಿ ಬೆಳಕು ಹೊಡೆಯುವುದನ್ನು ನಾನು ಒಪ್ಪಲಾರೆ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಬೆಳಕಿರುವ ಕೊಂಬೆಗೆ ಕರೆಯುವುದೂ ಅಷ್ಟೇ ಕೆಟ್ಟದ್ದು. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತೆಂದು ಅದು ಕಂಗೆಟ್ಟು ಬರುತ್ತದೆ, ಫೋಟೋ ಚೆನ್ನಾಗಿದೆ ಅಂತ ನಾವು ಹಿಗ್ಗುತ್ತೇವೆ. ಬೆಳಕು ಸಾಲದಿದ್ದರೆ ಕ್ಯಾಮೆರಾ ಕೆಳಗಿಟ್ಟು ಬೈನಾಕ್ಯುಲರ್‌ನಲ್ಲಿ ನೋಡಲಿ.

ಇನ್ನೊಂದು. ಎಸಿ ರೂಮಿನಲ್ಲಿ ಮಲಗುವುದಾದರೆ ಬೆಳಗ್ಗೆ ಎದ್ದವನೇ ಬ್ಯಾಗನ್ನು, ಜಿಪ್ ತೆಗೆಯದೆ, ಹೊರಗೆ ಜಗುಲಿಯಲ್ಲಿ ಇಡಲಿ. ತಣ್ಣಗಿನ ಲೆನ್ಸ್ ಆ ತೇವದ ಗಾಳಿಗೆ ಬಂದ ತಕ್ಷಣ ಮಂಜುಗಟ್ಟುತ್ತದೆ, ಒರೆಸಿದರೂ ಮತ್ತೆ ಮತ್ತೆ ಕಟ್ಟುತ್ತದೆ. ಇರುವ ಒಳ್ಳೆಯ ಬೆಳಕೇ ಒಂದೂವರೆ ಗಂಟೆ, ಅದರಲ್ಲಿ ಅರ್ಧ ಒರೆಸುವುದಕ್ಕೇ ಹೋಗಬಾರದು ನೋಡಿ.